ಆಂಗ್ಲಭಾಷೆಯಲ್ಲಿ ಪ್ರೇರಣಾರ್ಥಕ ಕ್ರಿಯೆಗಳ ಚರಿತ್ರೆ

ಸಂಸ್ಕೃತದ ‘ಣಿಚ್’ ಪ್ರತ್ಯಯಕ್ಕೆ ಸಜಾತೀಯವಾದ ಪ್ರೇರಣಾರ್ಥಕ ಪ್ರತ್ಯಯವೊಂದು ಆಂಗ್ಲಭಾಷೆಯ ಪೂರ್ವರೂಪದಲ್ಲಿಯೂ ಇದ್ದಿತು. ಅದು ಲೋಪಹೊಂದಿದರೂ, ಕುಳಿತುಕೊಳ್ಳುವ ಅರ್ಥದ ‘ಸಿಟ್’, ಇರಿಸುವ ಅರ್ಥದ ‘ಸೆಟ್’ ಎಂಬ ಜೋಡಿಯಲ್ಲಿ ಅದರ ಕುರುಹು ಉಳಿದಿದೆ. 13ರಿಂದ 15ನೆಯ ಶತಮಾನದವರೆಗೆ ‘ಡೂ’ ಧಾತುವೂ ಪ್ರೇರಣಾರ್ಥದಲ್ಲಿ ಬಳಕೆಯಾಗುತ್ತಿದ್ದಿತು. ಅದು ಕ್ರಮೇಣ ಬರಿಯ ಸಹಾಯಕಕ್ರಿಯೆಯಾಗಲು, ಆ ಕಾರ್ಯವು ‘ಮೇಕ್’, ‘ಹ್ಯಾವ್’, ‘ಗೆಟ್’, ‘ಲೆಟ್’ ಎಂಬ ಧಾತುಗಳಲ್ಲಿ ಹಂಚಿಹೋಯಿತು.

ಇವುಗಳ ಭೇದಕ್ಕೆ ಪ್ರೇರಿತನ ಇಚ್ಛೆಯೇ ಮೂಲ. ‘ಮೇಕ್’ ಬಹುಮಟ್ಟಿಗೆ ಬಲಾತ್ಕಾರವನ್ನೂ, ‘ಹ್ಯಾವ್’ ನಿಯೋಗವನ್ನೂ, ‘ಗೆಟ್’ ಮನವೊಲಿಕೆಯನ್ನೂ, ‘ಲೆಟ್’ ಅನುಮತಿಯನ್ನೂ ಸೂಚಿಸುವುವು. ಕಡೆಯದಕ್ಕೆ ಕನ್ನಡದಲ್ಲಿ ‘ಮಾಡಗೊಡು’ ಎಂಬ ರೂಪವುಂಟು. ಉಳಿದ ಮೂರಕ್ಕೂ ‘ಮಾಡಿಸು’ ಒಂದೇ. ‘ಪತ್ರಕ್ಕೆ ಸಹಿ ಮಾಡಿಸಿದನು’ ಎಂದಷ್ಟೇ ಅನುವಾದಿಸಿದರೆ ಸಹಿಯು ಒಪ್ಪಿಗೆಯದೋ ಬಲವಂತದ್ದೋ ತಿಳಿಯದು. ಪತ್ರದ ಬಲಾಬಲವಾದರೋ ಅದನ್ನೇ ಅವಲಂಬಿಸಿರುವುದು. ಆದುದರಿಂದ ‘ಬಲವಂತದಿಂದ’, ‘ಮನವೊಲಿಸಿ’ ಎಂಬ ವಿಶೇಷಣವನ್ನು ಅನುವಾದಕನು ಸೇರಿಸುವುದು ಯುಕ್ತ.