ನೆರಿಗೆಯ ಮೇಲಿನ ಹೊಲಿಗೆ: ಮಧ್ಯಯುಗದ ಏಪ್ರನ್ ಮತ್ತು ಸ್ಮಾಕಿಂಗ್

ಇಂಗ್ಲೆಂಡಿನ ಲಿಂಕನ್‌ಷೈರ್‌ನಲ್ಲಿ ಇರ್ನ್‌ಹ್ಯಾಮ್ ಎಂಬ ಊರಿದೆ. ಅಲ್ಲಿನ ಜಮೀನುದಾರ ಸರ್ ಜೆಫ್ರಿ ಲಟ್ರೆಲ್ ಬರೆಸಿದ ಕೀರ್ತನೆಗಳ ಹಸ್ತಪ್ರತಿ ‘ಲಟ್ರೆಲ್ ಸಾಲ್ಟರ್’ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಸುಮಾರು 1325ರಿಂದ 1340ರ ನಡುವೆ ಸಿದ್ಧವಾದ ಈ ಪುಸ್ತಕದ ಅಂಚುಗಳಲ್ಲಿ ಉಳುವವರು, ಬಿತ್ತುವವರು, ಪೈರು ಕೊಯ್ಯುವವರ ಚಿತ್ರಗಳಿವೆ. ದುಡಿಯುವ ಹೆಂಗಸರಲ್ಲಿ ಕೆಲವರು ಸೊಂಟಕ್ಕೆ ಏಪ್ರನ್ ಕಟ್ಟಿದ್ದಾರೆ. ಅದರ ಮೇಲಂಚಿನಲ್ಲಿ ಜಾಲರಿಯಂಥ ವಿನ್ಯಾಸ ಕಾಣುತ್ತದೆ. ಹಳೆಯ ಉಡುಪುಗಳನ್ನು ಮತ್ತೆ ಹೊಲಿದು ನೋಡುವವರು ಬಹುಕಾಲದಿಂದ ಅದನ್ನು ಸ್ಮಾಕಿಂಗ್ ಎಂದೇ ಗುರುತಿಸುತ್ತ ಬಂದಿದ್ದಾರೆ. ಆದರೆ ನೇಯ್ದ ಪಟ್ಟಿಯನ್ನಾಗಲಿ ಸಾದಾ ಬಟ್ಟೆಯ ಮೇಲಿನ ಕಸೂತಿಯನ್ನಾಗಲಿ ಚಿತ್ರಕಾರ ಇದೇ ಗೆರೆಗಳಲ್ಲಿ ಬಿಡಿಸಬಲ್ಲ. ಹಾಗಿದ್ದೂ ಇದನ್ನು ಸ್ಮಾಕಿಂಗ್ ಎಂದು ಓದುವುದೇ ಸರಿ ಎಂಬುದು ನನ್ನ ವಾದ. ಅದಕ್ಕೆ ಆಧಾರವನ್ನು ಚಿತ್ರಕ್ಕಿಂತ ಹೆಚ್ಚಾಗಿ ಹೊಲಿಗೆಯ ಕ್ರಮದಲ್ಲೇ ಹುಡುಕಬೇಕು.

ಸ್ಮಾಕಿಂಗ್‌ನಲ್ಲಿ ಅಲಂಕಾರಕ್ಕಿಂತ ಮೊದಲು ಬರುವುದು ನೆರಿಗೆ. ಬಟ್ಟೆಯ ಮೇಲೆ ಸಮಾನ ಅಂತರದಲ್ಲಿ, ಸಾಲಿನ ಕೆಳಗೆ ಸಾಲಾಗಿ, ಒಂದರ ನೇರಕ್ಕೆ ಇನ್ನೊಂದು ಬರುವಂತೆ ಕಚ್ಚಾ ಹೊಲಿಗೆ ಹಾಕಬೇಕು. ದಾರಗಳನ್ನು ಒಟ್ಟಿಗೆ ಎಳೆದರೆ ಬಟ್ಟೆ ಸಣ್ಣ ಸಣ್ಣ ಕೊಳವೆಗಳಾಗಿ ಕೂಡಿಕೊಳ್ಳುತ್ತದೆ. ಆಮೇಲೆ ಆ ಕೊಳವೆಗಳ ನೆತ್ತಿಯನ್ನಷ್ಟೇ ಸೂಜಿಯಲ್ಲಿ ಹಿಡಿದು ಹಗ್ಗದ ಹೊಲಿಗೆ, ಅಲೆ ಹೊಲಿಗೆ, ಜೇನುಗೂಡಿನ ಹೊಲಿಗೆ ಹಾಕುತ್ತಾರೆ. ಕೊನೆಗೆ ಕಚ್ಚಾ ದಾರವನ್ನು ತೆಗೆದರೂ ನೆರಿಗೆ ಬಿಚ್ಚುವುದಿಲ್ಲ. ಮೇಲಿನ ಅಲಂಕಾರವೇ ಅದನ್ನು ಹಿಡಿದಿಟ್ಟಿರುತ್ತದೆ. ಸೊಂಟದ ಬಳಿ 45 ಸೆಂಟಿಮೀಟರ್ ಅಗಲದ ಏಪ್ರನ್ ಬೇಕೆಂದರೆ ಅದರ ಸುಮಾರು ಮೂರು ಪಟ್ಟು, ಅಂದರೆ 135 ಸೆಂಟಿಮೀಟರ್ ಬಟ್ಟೆ ಹೊಂದಿಸಿಕೊಳ್ಳಬೇಕು. ಹೀಗೆ ಹೊಲಿದ ಪಟ್ಟಿ ಮೈ ಬಗ್ಗಿದಾಗ ಹಿಗ್ಗುತ್ತದೆ, ನಿಂತಾಗ ಕುಗ್ಗುತ್ತದೆ. ರಬ್ಬರಿನ ಸ್ಥಿತಿಸ್ಥಾಪಕ ಪಟ್ಟಿಗಳಿಗೆ ಥಾಮಸ್ ಹ್ಯಾನ್‌ಕಾಕ್ ಪೇಟೆಂಟ್ ಪಡೆದದ್ದು 1820ರಲ್ಲಿ. ಅದಕ್ಕೂ ಐದು ಶತಮಾನ ಹಿಂದೆ ದಿನವಿಡೀ ಬಗ್ಗಿ ಏಳುತ್ತಿದ್ದ ಹೆಂಗಸಿಗೆ ಈ ಹೊಲಿಗೆ ಎಷ್ಟು ಉಪಯುಕ್ತವೆಂದು ಬಿಡಿಸಿ ಹೇಳಬೇಕಿಲ್ಲ. ಲಟ್ರೆಲ್ ಚಿತ್ರಗಳ ವಿನ್ಯಾಸ ಇರುವುದೂ ಬಟ್ಟೆಯ ಅಗಲವೆಲ್ಲ ಸೊಂಟದಳತೆಗೆ ಕೂಡಲೇಬೇಕಾದ ಜಾಗದಲ್ಲೇ. ಬರೀ ಅಂದಕ್ಕಾಗಿ ಹಾಕಿದ ಕಸೂತಿಯಾಗಿದ್ದರೆ ಕೆಳಗಿನ ಅಂಚೂ ಅದಕ್ಕೆ ಒದಗುತ್ತಿತ್ತು.

ನೆರಿಗೆಯ ಕೌಶಲ ಇದಕ್ಕಿಂತ ಹಳೆಯದು ಎಂಬುದಕ್ಕೆ ಬಟ್ಟೆಯ ಸಾಕ್ಷ್ಯವೇ ಇದೆ. ಸ್ವೀಡನ್ನಿನ ಬಿರ್ಕಾದಲ್ಲಿ 10ನೆಯ ಶತಮಾನದ ಸಮಾಧಿಗಳಿಂದ ಸಣ್ಣ ನೆರಿಗೆಯ ಲಿನನ್ ತುಣುಕುಗಳು ಸಿಕ್ಕಿವೆ. ಕಂಚಿನ ಬ್ರೋಚುಗಳಿಗೆ ಅಂಟಿಕೊಂಡಿದ್ದರಿಂದ ಅವು ಮಣ್ಣಾಗದೆ ಉಳಿದವು. ಆಗ್ನೆಸ್ ಗೈಯರ್ 1938ರಲ್ಲಿ ಬಿರ್ಕಾದ ಬಟ್ಟೆಗಳ ಅಧ್ಯಯನ ಪ್ರಕಟಿಸಿದರು. ಆಸ್ಟ್ರಿಯದ ಪೂರ್ವ ಟಿರೋಲ್‌ನ ಲೆಂಗ್‌ಬರ್ಗ್ ಕೋಟೆಯಲ್ಲಿ 2008ರಲ್ಲಿ ದುರಸ್ತಿ ನಡೆದಾಗ ಕಮಾನಿನ ಮೇಲೆ ತುಂಬಿದ್ದ ಕಸದಲ್ಲಿ 15ನೆಯ ಶತಮಾನದ 2,700ಕ್ಕೂ ಹೆಚ್ಚು ಬಟ್ಟೆ ತುಂಡುಗಳು ದೊರೆತವು. ಅವುಗಳಲ್ಲಿದ್ದ ಸ್ತನಪಟ್ಟಿಗಳಿಂದ ಈ ಶೋಧ ಜಗತ್ತಿಗೆಲ್ಲ ಪರಿಚಿತವಾಯಿತು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅದೇ ರಾಶಿಯಲ್ಲಿದ್ದ ನೆರಿಗೆಯ ಅಂಗಿಯ ತುಂಡುಗಳು. ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ಬೆಯಾಟ್ರಿಕ್ಸ್ ನುಟ್ಜ್ ಅವುಗಳ ನೆರಿಗೆಯನ್ನು ವಿವರವಾಗಿ ಪರಿಶೀಲಿಸಿದ್ದಾರೆ. ಅಷ್ಟು ಹೊತ್ತಿಗೆ ಈ ನೆರಿಗೆ ಶ್ರೀಮಂತರ ಕೊರಳಿಗೂ ಏರಿತ್ತು: ಚಿತ್ರಕಾರ ಡ್ಯೂರರ್ 1498ರಲ್ಲಿ ಬರೆದ ತನ್ನದೇ ಚಿತ್ರದಲ್ಲಿ ಸಣ್ಣ ನೆರಿಗೆಯ ಬಿಳಿ ಅಂಗಿಗೆ ಚಿನ್ನದೆಳೆಯ ಪಟ್ಟಿಯಿದೆ.

ಸ್ಮಾಕಿಂಗ್ ಬಗೆಗಿನ ಗೊಂದಲ ಹುಟ್ಟಿದ್ದು 18 ಮತ್ತು 19ನೆಯ ಶತಮಾನಗಳ ಇಂಗ್ಲಿಷ್ ರೈತರ ‘ಸ್ಮಾಕ್ ಫ್ರಾಕ್’ನಿಂದ. ಚೌಕ, ಆಯತಗಳಲ್ಲೇ ಕತ್ತರಿಸಿ ಬಟ್ಟೆ ವ್ಯರ್ಥವಾಗದಂತೆ ಹೊಲಿಯುತ್ತಿದ್ದ ಈ ನಿಲುವಂಗಿಯ ಎದೆ, ಬೆನ್ನು, ತೋಳುಗಳಲ್ಲಿ ಸ್ಮಾಕಿಂಗ್ ಇರುತ್ತಿತ್ತು. ನೆರಿಗೆಯ ಅಕ್ಕಪಕ್ಕದ ಸಾದಾ ಬಟ್ಟೆಯ ಮೇಲೆ ಗರಿ ಹೊಲಿಗೆಯಂಥ ಬೇರೆ ಕಸೂತಿ. ಗಾಡಿ ಹೊಡೆಯುವವನಿಗೆ ಚಕ್ರ, ಕುರುಬನಿಗೆ ಕೋಲು ಎಂದು ಕಸುಬಿಗೊಂದು ಚಿಹ್ನೆಯಿತ್ತೆಂಬ ಕತೆ ಬಹಳ ಹಬ್ಬಿದೆ. ಉಳಿದಿರುವ ಸ್ಮಾಕ್‌ಗಳು ಅದನ್ನು ಬೆಂಬಲಿಸುವುದಿಲ್ಲ. ಮನೆಯಲ್ಲಿ ಹೆಂಡತಿ ಪ್ರೀತಿಯಿಂದ ಹೊಲಿದದ್ದು ಎಂಬ ಚಿತ್ರವೂ ಅರ್ಧ ಸತ್ಯ. ಅಂಗಡಿಯಲ್ಲಿ ಸಿದ್ಧ ಸ್ಮಾಕ್‌ಗಳು ಧಾರಾಳವಾಗಿ ಮಾರಾಟವಾಗುತ್ತಿದ್ದವು. ಅವನ್ನು ಹೊಲಿದ ಕೂಲಿ ಹೆಂಗಸರ ದುಡಿಮೆಯನ್ನು ಈ ಕತೆಗಳು ಮರೆಸಿವೆ ಎಂಬುದು ನನ್ನನ್ನು ಬಹುವಾಗಿ ಕಾಡುವ ಸಂಗತಿ. 1884ರಲ್ಲಿ ಲಿಬರ್ಟಿ ಮಳಿಗೆಯ ಉಡುಪಿನ ವಿಭಾಗ ತೆರೆದ ಬಳಿಕ ಇದೇ ಹೊಲಿಗೆ ಲಂಡನ್ನಿನ ಸ್ಥಿತಿವಂತ ಹೆಂಗಸರ, ಮಕ್ಕಳ ಫ್ರಾಕಿಗೆ ಬಂತು. ನಮ್ಮ ಹೊಲಿಗೆ ತರಗತಿಗಳಲ್ಲಿ ಇಂದಿಗೂ ಕಲಿಸುವುದು ಈ ಮಕ್ಕಳ ಫ್ರಾಕಿನ ಸ್ಮಾಕಿಂಗ್.

ಹೀಗಾಗಿ 14ನೆಯ ಶತಮಾನದ ಏಪ್ರನ್ ಹೊಲಿಯಹೊರಟವರು 19ನೆಯ ಶತಮಾನದ ಪುಸ್ತಕ ತೆರೆದರೆ ದಾರಿ ತಪ್ಪುತ್ತಾರೆ. ಇಸ್ತ್ರಿಯಿಂದ ಬಟ್ಟೆಗೆ ಇಳಿಸುವ ಚುಕ್ಕೆಗಳು 19ನೆಯ ಶತಮಾನದ ಕೊನೆಯ ಭಾಗದವು. ಲಿನನ್ನಿನ ಎಳೆ ಎಣಿಸಿಯೇ ಅಂತರ ಹಿಡಿಯುವುದು ಹಳೆಯ ಕಾಲಕ್ಕೆ ಹತ್ತಿರದ ದಾರಿ. ವಿನ್ಯಾಸವನ್ನು ಬರೆದುಕೊಳ್ಳದೆ ಎಳೆ ಎಣಿಸಿ ಗಂಟಿ, ನೇಗಿ ಹೊಲಿಗೆ ಹಾಕುವ ಧಾರವಾಡದ ಕಸೂತಿಯ ಕೈಗೆ ಈ ಕೆಲಸ ಬೇಗ ಒಗ್ಗೀತು. ಲಟ್ರೆಲ್ ಏಪ್ರನ್‌ಗೆ ಸಮನೇಯ್ಗೆಯ ಲಿನನ್, ಬಣ್ಣ ಹಾಕದ ಲಿನನ್ ದಾರ, ಜೇನುಗೂಡಿನ ಹೊಲಿಗೆಯ ಕೆಲವು ಸಾಲು, ಮೇಲೊಂದು ಕಟ್ಟುವ ಪಟ್ಟಿ, ಇಷ್ಟು ಸಾಕು. ಸ್ಮಾಕ್ ಫ್ರಾಕಿನ ಗರಿ ಹೊಲಿಗೆಯನ್ನು ಅದರ ಮೇಲೆ ಹಾಕಬಾರದು.