ಮಾಸಗಳಿಗೆ ಹೆಸರಿತ್ತ ಬೇಸಗೆಯ ತಾರೆಗಳು

ಚೈತ್ರ, ವೈಶಾಖ, ಜ್ಯೇಷ್ಠ, ಆಷಾಢ ಎಂಬ ಹೆಸರುಗಳನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದವರು. ಲಗ್ನಪತ್ರಿಕೆಗಳಲ್ಲಿ ಅವನ್ನು ಅಚ್ಚುಹಾಕಿಸುತ್ತೇವೆ. ಪುರೋಹಿತರು ಹೇಳಿಕೊಟ್ಟಂತೆ ಸಂಕಲ್ಪದಲ್ಲಿ ಉಚ್ಚರಿಸುತ್ತೇವೆ. ಈ ಹೆಸರುಗಳು ಎಲ್ಲಿಂದ ಬಂದುವೆಂದು ಯಾರಾದರೂ ಕೇಳಿದರೆ, ಪಂಚಾಂಗದಿಂದ ಬಂದುವೆಂದು ಹೇಳಿ ಸುಮ್ಮನಾಗುವವರೇ ನಮ್ಮಲ್ಲಿ ಹೆಚ್ಚು. ಆದರೆ ಅವು ಪಂಚಾಂಗಕ್ಕೆ ಇಳಿದುಬಂದುದು ಆಕಾಶದಿಂದ. ಬೇಸಗೆಯ ಇರುಳಿನಲ್ಲಿ ಬೆಳಗುವ ಚಿತ್ರೆ, ವಿಶಾಖೆ, ಜ್ಯೇಷ್ಠೆ, ಆಷಾಢೆ ಎಂಬ ನಕ್ಷತ್ರಗಳೇ ಈ ನಾಲ್ಕು ತಿಂಗಳುಗಳಿಗೆ ಹೆಸರನ್ನಿತ್ತವು. ಅವುಗಳನ್ನು ಗುರುತಿಸುವ ಬಗೆ ಯಾವುದು, ತಾರೆಯ ಹೆಸರು ತಿಂಗಳಿಗೆ ಅಂಟಿಕೊಂಡುದು ಹೇಗೆ, ಆ ಅಂಟು ಕಾಲಕ್ರಮದಲ್ಲಿ ಸಡಿಲವಾದುದು ಏಕೆ ಎಂಬ ಮೂರು ವಿಚಾರಗಳನ್ನು ಈಗ ನೋಡೋಣ.

ಮೇ ತಿಂಗಳ ನಡುಭಾಗದಲ್ಲಿ, ಮೋಡವಿಲ್ಲದ ಒಂದು ರಾತ್ರಿ, ಸುಮಾರು ಒಂಬತ್ತು ಗಂಟೆಯ ಹೊತ್ತಿಗೆ ಮನೆಯ ಮಾಳಿಗೆಯ ಮೇಲೆ ನಿಂತು ಉತ್ತರಕ್ಕೆ ಮುಖಮಾಡಿದರೆ ಸಪ್ತರ್ಷಿಮಂಡಲವು ಎತ್ತರದಲ್ಲಿ ಕಾಣುವುದು. ನಾಲ್ಕು ತಾರೆಗಳು ಸೇರಿ ಒಂದು ಸೌಟು; ಉಳಿದ ಮೂರು ಅದರ ಬಾಗಿದ ಹಿಡಿ. ಆ ಹಿಡಿಯ ಬಾಗನ್ನು ಕಮಾನಿನಂತೆ ಮುಂದಕ್ಕೆ ಎಳೆದುಕೊಂಡು ಹೋದರೆ, ನೆತ್ತಿಯಿಂದ ಪೂರ್ವದ ಕಡೆಗೆ ಕಿತ್ತಳೆಯ ಛಾಯೆಯುಳ್ಳ ಉಜ್ಜ್ವಲವಾದ ತಾರೆಯೊಂದು ದೃಷ್ಟಿಗೆ ಬೀಳುವುದು. ಅದೇ ಸ್ವಾತಿ. ಅದೇ ಕಮಾನನ್ನು ಹೆಚ್ಚುಕಡಮೆ ಅಷ್ಟೇ ದೂರ ದಕ್ಷಿಣಕ್ಕೆ ಬೆಳೆಸಿದರೆ ನೀಲಿ ಬೆರೆತ ಬಿಳುಪಿನ ಚಿತ್ರೆ ಸಿಕ್ಕುವುದು. ಚಿತ್ರೆಯ ನೈಋತ್ಯದಲ್ಲಿ, ಅಂಗೈಯ ಬೆರಳುಗಳಿಗೆ ಹೋಲಿಸಲ್ಪಟ್ಟ ಐದು ತಾರೆಗಳ ಗುಂಪು ಹಸ್ತ.

ಇನ್ನು ಚಿತ್ರೆಯಿಂದ ಆಗ್ನೇಯಕ್ಕೆ ದೃಷ್ಟಿಯನ್ನು ಇಳಿಸಬೇಕು. ಮೊದಲು ಮಂದಪ್ರಕಾಶದ ವಿಶಾಖೆ. ಆಮೇಲೆ ಸಾಲಾಗಿ ನಿಂತ ಮೂರು ತಾರೆಗಳ ಅನೂರಾಧೆ. ಅದರ ಕೆಳಗೆ ಕೆಂಡದಂತೆ ಕೆಂಪಾದ ಜ್ಯೇಷ್ಠೆ. ನಡುರಾತ್ರಿಯ ವೇಳೆಗೆ ಚೇಳಿನ ಕೊಂಡಿಯಂತೆ ಬಾಗಿರುವ ಮೂಲೆಯೂ, ಅದರ ಹಿಂದೆ ಪೂರ್ವಾಷಾಢೆ ಉತ್ತರಾಷಾಢೆಗಳೂ ಮೇಲೆದ್ದುಬರುವುವು. ಪಂಚಾಂಗದಲ್ಲಿ ಒಂದರ ಕೆಳಗೊಂದು ಅಚ್ಚಾಗಿರುವ ಹೆಸರುಗಳು ಆಕಾಶದಲ್ಲಿಯೂ ಅದೇ ಕ್ರಮದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಡಿರುವುದನ್ನು ಇಲ್ಲಿ ಕಣ್ಣಾರೆ ಕಾಣಬಹುದು.

ಇನ್ನು ಚಂದ್ರನ ನಡಗೆಯನ್ನು ಗಮನಿಸೋಣ. ಚಂದ್ರನು ಒಂದು ತಾರೆಯ ಬಳಿಯಿಂದ ಹೊರಟು ಮತ್ತೆ ಅದೇ ತಾರೆಯ ಬಳಿಗೆ ಬರಲು ೨೭ ದಿನಗಳಿಗಿಂತ ತುಸು ಹೆಚ್ಚು ಕಾಲ ಹಿಡಿಯುವುದು. ದಿನಕ್ಕೊಂದು ತಂಗುಮನೆಯಂತೆ ಹಿರಿಯರು ೨೭ ನಕ್ಷತ್ರಗಳನ್ನು ಎಣಿಸಿದುದು ಇದರಿಂದಲೇ. ಹುಣ್ಣಿಮೆಯಿಂದ ಹುಣ್ಣಿಮೆಗಾದರೋ ಸುಮಾರು ೨೯½ ದಿನಗಳು ಬೇಕು. ಆದುದರಿಂದ ಪ್ರತಿಯೊಂದು ಹುಣ್ಣಿಮೆಯೂ ಹಿಂದಿನ ಹುಣ್ಣಿಮೆಗಿಂತ ಎರಡು ನಕ್ಷತ್ರಗಳಿಗೆ ಸ್ವಲ್ಪ ಮೀರಿ ಮುಂದಕ್ಕೆ ಸರಿಯುವುದು. ಒಂದು ಹುಣ್ಣಿಮೆ ಚಿತ್ರೆಯ ಬಳಿ ಆದರೆ, ಮುಂದಿನದು ವಿಶಾಖೆಯ ಬಳಿ, ಅದರ ಮುಂದಿನದು ಜ್ಯೇಷ್ಠೆಯ ಬಳಿ, ಆಮೇಲಿನದು ಆಷಾಢೆಯ ಬಳಿ. ತಿಂಗಳುಗಳ ಹೆಸರಿನ ಗುಟ್ಟು ಇಷ್ಟೆ. ಯಾವ ನಕ್ಷತ್ರದ ಬಳಿ ಹುಣ್ಣಿಮೆಯಾಗುವುದೋ ಆ ನಕ್ಷತ್ರದ ಹೆಸರೇ ತಿಂಗಳಿಗೆ. ಪಾಣಿನಿಯು ತನ್ನ ಅಷ್ಟಾಧ್ಯಾಯಿಯಲ್ಲಿ ಈ ಪದರಚನೆಗೆ ಒಂದು ಸೂತ್ರವನ್ನೇ ಮಾಡಿದ್ದಾನೆ. ಪ್ರತಿವರ್ಷವೂ ಚೈತ್ರದ ಹುಣ್ಣಿಮೆ ಚಿತ್ರೆಯಲ್ಲಿಯೇ ಬೀಳುವುದೆಂದಲ್ಲ. ಹನ್ನೆರಡು ಚಾಂದ್ರಮಾಸಗಳು ಸೇರಿದರೆ ೩೫೪ ದಿನಗಳೇ ಆಗುವುದರಿಂದ ಅದು ಒಮ್ಮೆ ಹಸ್ತಕ್ಕೂ ಒಮ್ಮೆ ಸ್ವಾತಿಗೂ ಜಾರುವುದುಂಟು. ಮೂರು ವರ್ಷಗಳೊಳಗೆ ಒಮ್ಮೆ ಬರುವ ಅಧಿಕಮಾಸವು ಈ ಅಲೆದಾಟವನ್ನು ಮಿತಿಯಲ್ಲಿಡುವುದು.

ಇದಕ್ಕಿಂತ ಹಳೆಯ ಹೆಸರುಗಳೂ ಇದ್ದುವು. ತೈತ್ತಿರೀಯಸಂಹಿತೆಯಲ್ಲಿ ವಸಂತದ ಎರಡು ತಿಂಗಳುಗಳಿಗೆ ಮಧು, ಮಾಧವ ಎಂದೂ, ಗ್ರೀಷ್ಮದ ಎರಡಕ್ಕೆ ಶುಕ್ರ, ಶುಚಿ ಎಂದೂ ಹೆಸರು. ಅವು ಋತುವಿಗೆ ಸೇರಿದ ಹೆಸರುಗಳು. ಜೇನಿನ ಸವಿಯನ್ನೂ ಬಿಸಿಲಿನ ಹೊಳಪನ್ನೂ ಸೂಚಿಸತಕ್ಕವು. ಚೈತ್ರಾದಿಗಳು ತಾರೆಗೆ ಸೇರಿದ ಹೆಸರುಗಳು. ಕಾಲಕ್ರಮದಲ್ಲಿ ಎರಡನ್ನೂ ಗಂಟುಹಾಕಿ, ಚೈತ್ರ ವೈಶಾಖಗಳೆಂದರೆ ವಸಂತ, ಜ್ಯೇಷ್ಠ ಆಷಾಢಗಳೆಂದರೆ ಗ್ರೀಷ್ಮ ಎಂದು ನಿಯಮಮಾಡಲಾಯಿತು. ಮುಂದೆ ಬಂದ ತೊಡಕೆಲ್ಲವೂ ಈ ಗಂಟಿನಲ್ಲಿಯೇ ಅಡಗಿತ್ತು.

ಆ ತೊಡಕನ್ನು ಹೇಳುವುದಕ್ಕೆ ಮೊದಲು ನಮ್ಮ ನಾಡಿನ ರೈತರನ್ನು ನೆನೆಯಬೇಕು. ದವನದ ಹುಣ್ಣಿಮೆ ಚೈತ್ರದ್ದು. ಎತ್ತುಗಳನ್ನು ಸಿಂಗರಿಸಿ ಕರಿ ಹರಿಯುವ ಕಾರಹುಣ್ಣಿಮೆ ಜ್ಯೇಷ್ಠದ್ದು. ಈ ಹಬ್ಬಗಳಲ್ಲಿ ತಾರೆ ತಿಂಗಳಿನ ಗುರುತು. ಮಳೆಯ ವಿಷಯ ಬಂದಾಗಲಾದರೋ ಅದೇ ರೈತರು ಅದೇ ತಾರೆಗಳಿಗೆ ಬೇರೊಂದು ಕೆಲಸವನ್ನು ಕೊಟ್ಟಿದ್ದಾರೆ. ಭರಣಿ ಮಳೆ, ಮಘೆ ಮಳೆ, ಚಿತ್ತೆ ಮಳೆ, ಸ್ವಾತಿ ಮಳೆ ಎಂಬಲ್ಲಿ ಲೆಕ್ಕಕ್ಕೆ ಬರುವುದು ಚಂದ್ರನಲ್ಲ, ಸೂರ್ಯ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನಗಳಿರುವನು. ಆ ದಿನಗಳಲ್ಲಿ ಸುರಿದ ಮಳೆಗೆ ಆ ನಕ್ಷತ್ರದ ಹೆಸರು. ಹೀಗಾಗಿ ಏಪ್ರಿಲಿನ ಹುಣ್ಣಿಮೆಗೆ ಚೈತ್ರವೆಂಬ ಹೆಸರನ್ನು ಕೊಟ್ಟ ತಾರೆಯೇ ಅಕ್ಟೋಬರಿನಲ್ಲಿ ಚಿತ್ತೆ ಮಳೆಗೂ ಹೆಸರನ್ನು ಕೊಡುವುದು. ತಿಂಗಳಿಗೆ ಹೆಸರಿತ್ತಾಗ ಅದು ರಾತ್ರಿಯೆಲ್ಲಾ ಕಾಣುವುದು. ಮಳೆಗೆ ಹೆಸರಿತ್ತಾಗ ಸೂರ್ಯನ ಬೆಳಕಿನಲ್ಲಿ ಮುಳುಗಿ ಕಾಣದಿರುವುದು. ಕಾಣದ ತಾರೆಯ ಹೆಸರಿನಿಂದ ಮಳೆಯನ್ನು ಕರೆಯಬೇಕಾದರೆ, ಕಾಣುವ ತಾರೆಗಳ ಕ್ರಮವನ್ನು ತಲೆಮಾರುಗಳ ಕಾಲ ಯಾರೋ ಬಿಡದೆ ನೋಡಿರಬೇಕು.

ಈಗ ಗಂಟು ಸಡಿಲವಾದ ಕಥೆ. ಇದರಲ್ಲಿಯೂ ಚಿತ್ರೆಯೇ ಮುಖ್ಯಸಾಕ್ಷಿ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಮೊದಲ ಭಾಗದಲ್ಲಿ ಅಲೆಗ್ಸಾಂಡ್ರಿಯದ ತಿಮೋಖಾರಿಸನು ಈ ತಾರೆಯ ಸ್ಥಾನವನ್ನಳೆದಿದ್ದನು. ಸುಮಾರು ಒಂದೂವರೆ ಶತಮಾನದ ತರುವಾಯ ಗ್ರೀಕ್ ಜ್ಯೋತಿರ್ವಿದನಾದ ಹಿಪ್ಪಾರ್ಕಸನು ಅದನ್ನು ಮತ್ತೆ ಅಳೆದನು. ಚಂದ್ರಗ್ರಹಣದ ವೇಳೆಯಲ್ಲಿ ಚಂದ್ರನು ಸೂರ್ಯನಿಗೆ ಸರಿಯಾಗಿ ಇದಿರಿನಲ್ಲಿರುವನಾದ್ದರಿಂದ, ಆಗ ಚಂದ್ರನಿಂದ ತಾರೆಗಿರುವ ದೂರವನ್ನಳೆದರೆ ಸೂರ್ಯನ ದಾರಿಯಲ್ಲಿ ತಾರೆಯ ಸ್ಥಾನ ತಿಳಿಯುವುದು. ತಿಮೋಖಾರಿಸನ ಕಾಲದಲ್ಲಿ ಶರದ್ವಿಷುವಬಿಂದುವಿನಿಂದ ೮ ಅಂಶ ಪಶ್ಚಿಮಕ್ಕಿದ್ದ ಚಿತ್ರೆ ತನ್ನ ಕಾಲದಲ್ಲಿ ೬ ಅಂಶಕ್ಕೆ ಬಂದಿರುವುದನ್ನು ಹಿಪ್ಪಾರ್ಕಸನು ಕಂಡನು. ಟಾಲೆಮಿಯು ತನ್ನ ಆಲ್ಮಜೆಸ್ಟ್ ಗ್ರಂಥದಲ್ಲಿ ಇದನ್ನು ಬರೆದಿಟ್ಟಿದ್ದಾನೆ. ವಿಷುವಬಿಂದುವೇ ತಾರೆಗಳ ನಡುವೆ ಮೆಲ್ಲಮೆಲ್ಲನೆ ಹಿಂದಕ್ಕೆ ಜಾರುತ್ತಿದೆ. ಭೂಮಿಯ ಅಕ್ಷವು ತಿರುಗುವ ಬುಗುರಿಯ ಅಕ್ಷದಂತೆ ಓಲಾಡುವುದೇ ಅದಕ್ಕೆ ಕಾರಣ. ಒಂದು ಅಂಶ ಜಾರಲು ಸುಮಾರು ೭೨ ವರ್ಷಗಳು. ಒಂದು ಪೂರ್ಣಸುತ್ತಿಗೆ ಸುಮಾರು ೨೬,೦೦೦ ವರ್ಷಗಳು. ಇಂದು ಚಿತ್ರೆ ಅದೇ ಬಿಂದುವಿನಿಂದ ಸುಮಾರು ೨೪ ಅಂಶ ಪೂರ್ವಕ್ಕಿದೆ.

ಋತುಗಳು ವಿಷುವಬಿಂದುವನ್ನು ಅನುಸರಿಸುವುವು. ನಮ್ಮ ತಿಂಗಳುಗಳು ತಾರೆಯನ್ನು ಅನುಸರಿಸುವುವು. ಒಂದು ಜಾರಿದರೆ ಇನ್ನೊಂದು ಜೊತೆಗೆ ಬಾರದು. ಈ ತೊಡಕು ನಮ್ಮವರ ಕಣ್ಣಿಗೂ ತಪ್ಪಲಿಲ್ಲ. ವೇದಾಂಗಜ್ಯೋತಿಷವು ಉತ್ತರಾಯಣದ ಆರಂಭವನ್ನು ಧನಿಷ್ಠೆಯ ಮೊದಲಿನಲ್ಲಿ ಹೇಳಿತ್ತು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ, ಹಿಂದಿನ ಶಾಸ್ತ್ರಗಳು ಹಾಗೆ ಹೇಳಿರುವುದರಿಂದ ಒಂದು ಕಾಲದಲ್ಲಿ ಅದು ನಿಜವಾಗಿಯೇ ಇದ್ದಿರಬೇಕೆಂದೂ, ತನ್ನ ಕಾಲದಲ್ಲಿಯಾದರೋ ಅದು ಮಕರದ ಮೊದಲಿನಲ್ಲಿ ಆಗುತ್ತಿದೆಯೆಂದೂ ಸ್ಪಷ್ಟವಾಗಿ ಹೇಳುತ್ತಾನೆ. ಸಂದೇಹವಿದ್ದರೆ ಪ್ರತ್ಯಕ್ಷವಾಗಿ ಪರೀಕ್ಷಿಸಿರಿ ಎಂಬುದು ಅವನ ಅಭಿಪ್ರಾಯ. ಸೂರ್ಯೋದಯದ ಸ್ಥಾನವನ್ನು ದೂರದ ಗುರುತಿನಿಂದ ನೋಡಬಹುದು, ಅಥವಾ ನೆಟ್ಟ ಶಂಕುವಿನ ನೆರಳನ್ನು ನೋಡಬಹುದು. ಕೇರಳದ ಪರಮೇಶ್ವರನು ೧೪೩೧ರಲ್ಲಿ ರಚಿಸಿದ ಗ್ರಂಥಕ್ಕೆ ದೃಗ್ಗಣಿತವೆಂದೇ ಹೆಸರು: ಕಣ್ಣಿಗೆ ಕಂಡುದರೊಡನೆ ಹೊಂದುವ ಗಣಿತ. ಹಿರಿಯರ ಮಾತನ್ನು ಗೌರವಿಸುವುದಕ್ಕೂ ಅದನ್ನು ಆಕಾಶದೊಡನೆ ಹೋಲಿಸಿ ನೋಡುವುದಕ್ಕೂ ವಿರೋಧವಿದೆಯೆಂದು ಇವರಾರೂ ಭಾವಿಸಲಿಲ್ಲ.

ಸ್ವಾತಂತ್ರ್ಯಾನಂತರ ಈ ಪ್ರಶ್ನೆ ಸರ್ಕಾರದ ಮುಂದೆಯೂ ಬಂದಿತು. ೧೯೫೨ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ನೇಮಕವಾಗಿ, ೧೯೫೫ರಲ್ಲಿ ಅದರ ವರದಿ ಪ್ರಕಟವಾಯಿತು. ಉತ್ತರಾಯಣವು ಡಿಸೆಂಬರ್ ೨೨ರ ಸುಮಾರಿಗೆ ಆಗುತ್ತಿದ್ದರೂ ನಾವು ಅದನ್ನು ಜನವರಿ ೧೪ರ ಸುಮಾರಿನ ಮಕರಸಂಕ್ರಾಂತಿಯಂದು ಆಚರಿಸುತ್ತಿರುವುದನ್ನು ಸಮಿತಿ ಎತ್ತಿತೋರಿಸಿತು. ೧೯೫೭ರ ಮಾರ್ಚ್ ೨೨ರಂದು ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗದಲ್ಲಿ ಚೈತ್ರದ ಮೊದಲ ದಿನವನ್ನು ಋತುವಿಗೆ ಕಟ್ಟಲಾಗಿದೆ. ಆ ಶಕದಿನಾಂಕವು ಸರ್ಕಾರದ ಗೆಜೆಟ್ಟಿನಲ್ಲಿ ಅಚ್ಚಾಗುತ್ತಿದೆ. ಯುಗಾದಿಯನ್ನಾದರೋ ಜನರು ಹಳೆಯ ಚಾಂದ್ರಮಾನದಂತೆಯೇ ಆಚರಿಸುತ್ತಿದ್ದಾರೆ. ಹೀಗೆ ಒಂದೇ ಚೈತ್ರಕ್ಕೆ ಈಗ ಇಬ್ಬರು ಒಡೆಯರು, ಋತು ಒಬ್ಬ, ತಾರೆ ಒಬ್ಬ. ತಾರೆಯನ್ನೇ ಕೊನೆಯವರೆಗೂ ಹಿಡಿದುಹೋದರೆ, ಸುಮಾರು ಹದಿಮೂರು ಸಾವಿರ ವರ್ಷಗಳಲ್ಲಿ ಚೈತ್ರಮಾಸವು ಶರದೃತುವಿಗೆ ಬಂದು ನಿಲ್ಲುವುದು. ಋತುವನ್ನೇ ಹಿಡಿದರೆ, ಚೈತ್ರದ ಹುಣ್ಣಿಮೆಯಂದು ಚಂದ್ರನ ಬಳಿ ಚಿತ್ರೆ ಇರಲಾರದು. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ನಿಜವಾಗಿಯೂ ಯೋಚಿಸತಕ್ಕ ವಿಷಯ. ಆದರೆ ಚಿತ್ರೆಯನ್ನು ಒಮ್ಮೆಯೂ ನೋಡದವರು ಈ ವಾದದಲ್ಲಿ ಯಾವ ಪಕ್ಷವನ್ನು ವಹಿಸಿದರೂ ಅದು ಬರಿಯ ಹೆಸರುಗಳ ಜಗಳವಾಗುವುದು.

ನಗರವಾಸಿಗಳಾದ ನಮಗೆ ನೋಡುವುದು ಹಿಂದಿನಷ್ಟು ಸುಲಭವಲ್ಲ. ಶಿವನಸಮುದ್ರದ ವಿದ್ಯುತ್ತು ೧೯೦೫ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿಸಿತು. ಅಂದಿನಿಂದ ಬೀದಿಯ ಬೆಳಕು ಬೆಳೆದಂತೆಲ್ಲಾ ಆಕಾಶದ ಬೆಳಕು ಕುಗ್ಗಿದೆ. ವಿಶಾಖೆಯಂಥ ಮಂದತಾರೆಗಳು ಪಟ್ಟಣದ ನಡುವೆ ಕಾಣದಾಗಿವೆ. ಆದರೂ ಸ್ವಾತಿ, ಚಿತ್ರೆ, ಜ್ಯೇಷ್ಠೆ ಈ ಮೂರು ಮೊದಲ ದರ್ಜೆಯ ತಾರೆಗಳಾದುದರಿಂದ ದೀಪಗಳ ನಡುವೆಯೂ ಕಣ್ಣಿಗೆ ಸಿಕ್ಕುತ್ತವೆ. ಚಿತ್ರೆ ನಮ್ಮಿಂದ ಸುಮಾರು ೨೫೦ ಜ್ಯೋತಿರ್ವರ್ಷಗಳ ದೂರದಲ್ಲಿದೆ; ಎಂದರೆ ಇಂದು ರಾತ್ರಿ ನಮ್ಮ ಕಣ್ಣನ್ನು ಮುಟ್ಟುವ ಅದರ ಬೆಳಕು, ಹೈದರಾಲಿಯು ಶ್ರೀರಂಗಪಟ್ಟಣದಿಂದ ರಾಜ್ಯವಾಳುತ್ತಿದ್ದ ಕಾಲದ ಸುಮಾರಿಗೆ ಅಲ್ಲಿಂದ ಹೊರಟದ್ದು.

ಬರುವ ದವನದ ಹುಣ್ಣಿಮೆಯಂದು ಊಟ ಮುಗಿದಮೇಲೆ ಮನೆಯ ಮಕ್ಕಳನ್ನು ಕರೆದುಕೊಂಡು ಮಾಳಿಗೆಯನ್ನು ಹತ್ತೋಣ. ಸಪ್ತರ್ಷಿಗಳ ಹಿಡಿಯಿಂದ ಸ್ವಾತಿಗೆ, ಸ್ವಾತಿಯಿಂದ ಚಿತ್ರೆಗೆ ಅವರ ಬೆರಳಿನಿಂದಲೇ ಕಮಾನನ್ನು ಎಳೆಸೋಣ. ಆ ವರ್ಷದ ಚಂದ್ರನು ಚಿತ್ರೆಯ ಬಳಿಯಲ್ಲಿರುವನೋ, ಹಸ್ತಕ್ಕೆ ಸರಿದಿರುವನೋ, ಸ್ವಾತಿಯ ಕಡೆಗೆ ದಾಟಿರುವನೋ ಎಂದು ನೋಡಿ, ಆಮೇಲೆ ಕೆಳಗಿಳಿದು ಬಂದು ಪಂಚಾಂಗವನ್ನು ತೆರೆದು ಹೋಲಿಸಿ ನೋಡೋಣ.