ಹಡೆದವ್ವನ ರಕ್ತದ ಲೆಕ್ಕ



ಸ್ಮರಣ ಸಂಚಿಕೆಗೆ ಒಂದು ಇತಿಹಾಸದ ಲೇಖನ ಬೇಕು ಎಂದು ಮಂಡಳದ ಹುಡುಗರು ಕೇಳಿದರು. ಅವರ ಮನಸ್ಸಿನಲ್ಲಿ ಇದ್ದದ್ದು ಮಹಾಡದ ಕೆರೆ, ಮಾಣಗಾಂವ ಪರಿಷತ್ತು ಇಂಥವು. ಅವನ್ನು ಬಲ್ಲವರು ಬರೆಯುತ್ತಾರೆ, ಬರೆಯಲಿ. ನಾನು ಹೇಳುವ ಇತಿಹಾಸ ನಮ್ಮ ನಿಮ್ಮ ಮನೆಯೊಳಗಿನದು. ಅದು ಬಾಣಂತಿಯ ಹೊರಸಿನ ಮೇಲೆ ಮಲಗಿದೆ.

ನಮ್ಮ ಹಿರಿಯರು ಏನು ಹೇಳುತ್ತಿದ್ದರು, ನಿಮಗೂ ಗೊತ್ತು. ಹಡೆದ ಐದನೇ ದಿನ ಶೆಟಗೆವ್ವ ಬರ್ತಾಳ, ಕೂಸಿನ ಹಣೆಬರಹ ಬರೆದು ಹೋಗ್ತಾಳ. ಕೂಸಿನ ಹಣೆಬರಹ ಹಾಗಿರಲಿ, ಹಡೆದವಳ ಮುಖ ಬಿಳಿಚಿದರೆ, ಎದ್ದು ನಿಂತರೆ ತಲೆ ತಿರುಗಿದರೆ, ಅದನ್ನೂ ಹಣೆಬರಹ ಅಂತಲೇ ಬಿಡುತ್ತಿದ್ದರು. "ಹಡದಾಕಿ ಹಂಗ ಇರ್ತಾಳ, ಅದರಾಗ ಏನೈತಿ?" ಈ ಮಾತು ನಿಮ್ಮ ಮನೆಯಲ್ಲೂ ಕೇಳಿರಬೇಕು.

ನಾನೂ ಕೇಳಿದ್ದೇನೆ. ಮೊದಲ ಕೂಸಿಗೆ ಎರಡು ತಿಂಗಳಾದಾಗ ನೀರಿನ ಕೊಡ ಎತ್ತಿದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಮೂರು ಮೆಟ್ಟಿಲು ಹತ್ತಿದರೆ ಎದೆ ಡವಡವ. "ಈಗಿನ ಹುಡುಗ್ಯಾರು ಮೈಗಳ್ಳರು" ಎಂದರು. ದವಾಖಾನೆಯಲ್ಲಿ ಗುಳಿಗೆ ಕೊಟ್ಟರು. ಯಾಕೆ, ಎಷ್ಟು ದಿನ, ಯಾರೂ ಹೇಳಲಿಲ್ಲ. ನಾಲ್ಕು ದಿನ ನುಂಗಿದೆ. ಹೊಟ್ಟೆ ತೊಳಸಿತು, ಸಂಡಾಸ ಕರ್ರಗಾಯಿತು. ಹೆದರಿ, ಉಳಿದದ್ದನ್ನು ಗೋಡೆಯ ಮಾಡದಲ್ಲಿ ಇಟ್ಟೆ. ಮುಂದೆ ರಕ್ತ ತಪಾಸಣೆ ಮಾಡಿಸಿದಾಗ ಹಿಮೋಗ್ಲೋಬಿನ್ 7.6 ಬಂತು. 12 ಇರಬೇಕಾದದ್ದು. ಆಗ ತಿಳಿಯಿತು, ಅದು ಮೈಗಳ್ಳತನ ಅಲ್ಲ, ರಕ್ತದ ಕೊರತೆ.

ಲೆಕ್ಕ ನೋಡಿರಿ. ಹೆಣ್ಣಿನ ಮೈಯಲ್ಲಿರುವ ಒಟ್ಟು ಕಬ್ಬಿಣ 2ರಿಂದ 3 ಗ್ರಾಂ, ಅಂದರೆ ಒಂದು ಸಣ್ಣ ಮೊಳೆಯಷ್ಟು. ಬಸಿರು ಮತ್ತು ಹೆರಿಗೆ ಎರಡೂ ಸೇರಿ ಕೇಳುವುದು ಸುಮಾರು 1 ಗ್ರಾಂ. ಕೂಸು ಒಂದು ಪಾಲು ಒಯ್ಯುತ್ತದೆ, ಮಾಸು ಒಂದು ಪಾಲು ಒಯ್ಯುತ್ತದೆ, ಹೆರಿಗೆಯಲ್ಲಿ ಅರ್ಧ ಲೀಟರ್ ರಕ್ತ ಹೋದರೆ ಅದರೊಡನೆ ಸುಮಾರು 200 ಮಿಲಿಗ್ರಾಂ ಹೋಗುತ್ತದೆ. ಇನ್ನು ಊಟದಿಂದ ಮೈಗೆ ಹತ್ತುವ ಕಬ್ಬಿಣ ಎಷ್ಟು? ದಿನಕ್ಕೆ 1ರಿಂದ 2 ಮಿಲಿಗ್ರಾಂ. ಖರ್ಚು ಕೊಡದಷ್ಟು, ಜಮಾ ಚಮಚದಷ್ಟು. ಮೊದಲೇ ಗಂಟು ಸಣ್ಣದಿದ್ದವಳು ಈ ಸಾಲ ತೀರಿಸುವುದರೊಳಗೆ ಎರಡನೇ ಬಸಿರು ನಿಂತಿರುತ್ತದೆ.

ಇದು ಇವತ್ತು ನಿನ್ನೆ ಕಂಡುಹಿಡಿದ ಮಾತಲ್ಲ. 1746ರಲ್ಲಿ ಇಟಲಿಯ ಮೆಂಗಿನಿ ಎಂಬ ವೈದ್ಯ ರಕ್ತವನ್ನು ಸುಟ್ಟು, ಅದರ ಬೂದಿಯ ಕಣಗಳು ಅಯಸ್ಕಾಂತಕ್ಕೆ ಅಂಟುವುದನ್ನು ತೋರಿಸಿದ. 1832ರಲ್ಲಿ ಫ್ರಾನ್ಸಿನ ಬ್ಲೋ ಎಂಬ ವೈದ್ಯ ರಕ್ತಹೀನತೆಗೆ ಕಬ್ಬಿಣದ ಗುಳಿಗೆ ಕೊಟ್ಟ. ನಮ್ಮ ದೇಶದ ವೈದ್ಯರೂ ಪಾಂಡುರೋಗಕ್ಕೆ ಲೋಹಭಸ್ಮ ಕೊಡುತ್ತಿದ್ದರು. ನಮ್ಮ ಹತ್ತಿರದ ಮಿರಜಿನಲ್ಲೇ ಡಾಕ್ಟರ್ ವಾನ್ಲೆಸ್ ಅವರು ಮಿಷನ್ ಆಸ್ಪತ್ರೆ ತೆರೆದದ್ದು 1894ರಲ್ಲಿ. ಅಂದರೆ ರೋಗ ಗೊತ್ತಿತ್ತು, ಮದ್ದೂ ಗೊತ್ತಿತ್ತು. ಆದರೆ ಗೊತ್ತಿರುವ ಮದ್ದು ತಾನಾಗಿ ನಡೆದು ನಮ್ಮ ಗಲ್ಲಿಗೆ ಬರುವುದಿಲ್ಲ. ಅದನ್ನು ಯಾರಾದರೂ ಕೇಳಿ ತರಬೇಕು.

ಈಗ 1928ರ ಮುಂಬೈಗೆ ಬನ್ನಿರಿ. ಸಾತಾರಾ, ಕೊಲ್ಹಾಪುರ, ಕೊಂಕಣದ ಬಡವರು ಹೊಟ್ಟೆಪಾಡಿಗೆ ಹೋಗಿ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಕಾಲ. ಗಿರಣಿಯಲ್ಲೂ ಜಾತಿ ಬಿಟ್ಟಿರಲಿಲ್ಲ. ನೇಯುವವರು ಲಾಳಿಯ ದಾರವನ್ನು ಬಾಯಿಂದ ಎಳೆಯಬೇಕಾಗುತ್ತಿತ್ತು, ಅಸ್ಪೃಶ್ಯರ ಬಾಯಿ ತಾಗಿದ ದಾರ ಬೇಡ ಎಂದು ನಮ್ಮವರನ್ನು ನೇಯ್ಗೆ ಖಾತೆಯಿಂದ ಹೊರಗೆ ಇಟ್ಟಿದ್ದರು. ಹೆಚ್ಚು ಪಗಾರ ಇದ್ದದ್ದು ಅದೇ ಖಾತೆಯಲ್ಲಿ. ಪಗಾರ ಕಡಿಮೆ ಎಂದರೆ ಊಟ ಕಡಿಮೆ. ಊಟ ಕಡಿಮೆ ಎಂದರೆ ಮನೆಯಲ್ಲಿ ಕಡೆಗೆ ಉಣ್ಣುವವಳಿಗೆ ಇನ್ನೂ ಕಡಿಮೆ.

ಆ ವರ್ಷವೇ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಮುಂಬೈಗೆ ಬಂದರು. ಗಿರಣಿಯ ಬಸಿರು ಹೆಂಗಸರು ರಕ್ತಹೀನತೆಯಿಂದ ಸಾಯುತ್ತಿದ್ದರು, ಅದಕ್ಕೆ ಕಾರಣ ಹುಡುಕುವುದು ಆಕೆಯ ಕೆಲಸ. ಪರಳದ ಹಾಫ್ಕಿನ್ ಸಂಸ್ಥೆಯಲ್ಲಿ ಕೂತು ಹೆಂಗಸರ ರಕ್ತ ನೋಡಿದರು. ಅಷ್ಟಕ್ಕೇ ಬಿಡದೆ, ಅವರು ಏನು ಉಣ್ಣುತ್ತಾರೆ ಅಂತಲೂ ನೋಡಿದರು. ಮುಂದೆ ಕೂನೂರಿನಲ್ಲಿ, ಮುಂಬೈಯ ಬಡ ಹೆಂಗಸರು ಉಣ್ಣುವಂಥ ಊಟವನ್ನೇ ಇಲಿಗಳಿಗೆ ಹಾಕಿ ಪರೀಕ್ಷೆ ಮಾಡಿದರು. ರಕ್ತ ಕೆಟ್ಟದ್ದು ರೋಗಾಣುವಿನಿಂದ ಅಲ್ಲ, ಊಟದ ಬಡತನದಿಂದ ಎಂದು ಕಂಡಿತು. ಈಸ್ಟಿನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ತಿನಿಸು ಕೊಟ್ಟರೆ ಆ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಇದನ್ನು ಪ್ರಕಟಿಸಿದರು.

ಆ ಕೊರತೆ ಕಬ್ಬಿಣದ್ದಲ್ಲ, ಇನ್ನೊಂದು ಸತ್ವದ್ದು. 1941ರಲ್ಲಿ ಆ ಸತ್ವವನ್ನು ಪಾಲಕ ಸೊಪ್ಪಿನಿಂದ ತೆಗೆದು, ಲ್ಯಾಟಿನ್ ಭಾಷೆಯಲ್ಲಿ ಎಲೆ ಎಂಬ ಅರ್ಥ ಬರುವ ಮಾತಿನಿಂದ 'ಫೋಲಿಕ್ ಆಮ್ಲ' ಎಂದು ಹೆಸರಿಟ್ಟರು. ಇವತ್ತು ಆಶಾ ತಾಯಿ ಕೊಡುವ ಕೆಂಪು ಗುಳಿಗೆಯಲ್ಲಿ ಕಬ್ಬಿಣದ ಜೊತೆ ಈ ಎಲೆಯ ಸತ್ವವೂ ಇದೆ. ಈಗ ನಿಮ್ಮ ಮನೆ ನೆನಪು ಮಾಡಿಕೊಳ್ಳಿರಿ. "ಬಾಣಂತಿಗೆ ಸೊಪ್ಪು ಕೊಡಬ್ಯಾಡ್ರಿ, ನಂಜು ಆಗ್ತೈತಿ." ಯಾವ ಎಲೆ ಅವಳನ್ನು ಎತ್ತಿ ನಿಲ್ಲಿಸಬೇಕೋ ಅದನ್ನೇ ನಾವು ತಟ್ಟೆಯಿಂದ ತೆಗೆದಿದ್ದೇವೆ.

ಇದೇ ಲೂಸಿ ವಿಲ್ಸ್ 1931ರಲ್ಲಿ ಕೆಲಸ ಮಾಡಿದ ಮದ್ರಾಸಿನ ಹೆಂಗಸರ ಆಸ್ಪತ್ರೆಯ ಹೆಸರು ಕೇಳಿರಿ: 'ಕಾಸ್ಟ್ ಅಂಡ್ ಗೋಷಾ ಆಸ್ಪತ್ರೆ'. ಜಾತಿಯ ಹೆಂಗಸರಿಗೆ, ಪರದೆಯ ಹೆಂಗಸರಿಗೆ ಎಂದು ಅರ್ಥ. ಈಗ ಅದು ಕಸ್ತೂರಬಾ ಗಾಂಧಿ ಆಸ್ಪತ್ರೆ. ಹೆರಿಗೆಯ ಮನೆಯ ಫಲಕದ ಮೇಲೂ ಜಾತಿ ಬರೆದಿದ್ದ ಕಾಲ ಅದು.

1928ಕ್ಕೇ ಮತ್ತೆ ಬರೋಣ. ಜುಲೈ 28. ಮುಂಬೈ ಶಾಸನಸಭೆಯಲ್ಲಿ ಹೆರಿಗೆ ಭತ್ಯೆಯ ಮಸೂದೆ ಚರ್ಚೆಗೆ ಬಂದಿತ್ತು. ಗಿರಣಿ ಮಾಲೀಕರಿಗೆ ಇದು ಭಾರ ಎಂಬ ಮಾತು ಇತ್ತು. ಡಾ. ಬಾಬಾಸಾಹೇಬ ಅಂಬೇಡ್ಕರ್ ಎದ್ದು ಮಸೂದೆಯ ಪರವಾಗಿ ಮಾತಾಡಿದರು. ಹೆರಿಗೆಯ ಮೊದಲು ಮತ್ತು ನಂತರ ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ದೇಶದ ಹಿತ, ಆದ್ದರಿಂದ ಅದರ ಭಾರ ಸರಕಾರವೂ ಹೊರಬೇಕು ಎಂಬುದು ಅವರ ವಾದ. ಎರಡು ವರ್ಷ ಹಿಂದೆ, 1926ರಲ್ಲಿ, ಅವರ ಕಿರಿಯ ಮಗ ರಾಜರತ್ನ ತೀರಿಕೊಂಡಿದ್ದ. ರಮಾಬಾಯಿಯವರು ಹಡೆದ ಐದು ಮಕ್ಕಳಲ್ಲಿ ಉಳಿದವನು ಯಶವಂತ ಒಬ್ಬನೇ. ಹಡೆದವಳ ಸಂಕಟ ಏನೆಂದು ಅವರು ಪುಸ್ತಕದಲ್ಲಿ ಓದಿ ತಿಳಿಯಬೇಕಾಗಿರಲಿಲ್ಲ.

1929ರಲ್ಲಿ ಕಾಯ್ದೆ ಆಯಿತು. ಆದರೆ ಅದು ಕಾರ್ಖಾನೆಯ ಹೆಂಗಸರಿಗೆ ಮಾತ್ರ. ಕಬ್ಬಿನ ಗದ್ದೆಯಲ್ಲಿ, ಅರಿಶಿಣದ ಹೊಲದಲ್ಲಿ ದುಡಿಯುವ ನಮ್ಮ ಅಜ್ಜಿಯರಿಗೆ ಅದರಲ್ಲಿ ಜಾಗ ಇರಲಿಲ್ಲ. ಮೇಲಾಗಿ ಸಾಂಗ್ಲಿ, ಮಿರಜ ಆಗ ಪಟವರ್ಧನರ ಸಂಸ್ಥಾನಗಳು. 1961ರಲ್ಲಿ ಇಡೀ ದೇಶಕ್ಕೆ ಹೆರಿಗೆ ಸೌಲಭ್ಯ ಕಾಯ್ದೆ ಬಂತು, 2017ರಲ್ಲಿ ರಜೆ 26 ವಾರ ಆಯಿತು. ಕೂಲಿ ಹೋಗುವವಳಿಗೆ ಯಾರು 26 ವಾರ ಕೊಡ್ತಾರ? ಅವಳಿಗೆ ಸಿಕ್ಕದ್ದು ಯೋಜನೆಗಳು: 2005ರ ಜನನಿ ಸುರಕ್ಷಾ, 2017ರ ಮಾತೃವಂದನಾ. ಮಾತೃವಂದನಾದಲ್ಲಿ ಮೊದಲ ಕೂಸಿಗೆ 5000 ರೂಪಾಯಿ. ಆ ಹಣ ಹಡೆದವಳ ಊಟಕ್ಕೆ, ವಿಶ್ರಾಂತಿಗೆ. ನಿಮ್ಮ ಮನೆಯಲ್ಲಿ ಅದು ಎಲ್ಲಿ ಹೋಯಿತು? ನಿಮ್ಮನ್ನೇ ಕೇಳಿಕೊಳ್ಳಿರಿ.

ಊಟದ ಇತಿಹಾಸವೂ ಒಂದಿದೆ, ನಾಚಿಕೆ ಬಿಟ್ಟು ಹೇಳುತ್ತೇನೆ. ಕಾಳಜ, ರಕ್ತಿ, ವಜಡಿ ಇವೆಲ್ಲ ನಮ್ಮ ಕೇರಿಯ ಅಡಿಗೆ. ಮರಾಠವಾಡೆಯ ಮಹಾರ, ಮಾಂಗ ಸಮಾಜದ ಇಂಥ ಅಡಿಗೆಗಳ ಬಗ್ಗೆ ಶಾಹೂ ಪಾಟೋಳೆ ಅವರು 2015ರಲ್ಲಿ ಮರಾಠಿಯಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿರಿ ಎಂದರು. ಅದು ಸ್ವಾಭಿಮಾನದ ಮಾತು, ನಾವು ಬಿಟ್ಟದ್ದು ಸರಿ. ಆದರೆ ಅಂಗಡಿಯಿಂದ ತಂದ ತಾಜಾ ಕಾಳಜ ತಿನ್ನಲು ನಾಚುವುದು ಏಕೆ? ಮಾಂಸದ ಕಬ್ಬಿಣ ಸೊಪ್ಪು-ಕಾಳಿನ ಕಬ್ಬಿಣಕ್ಕಿಂತ ಬೇಗ ಮೈಗೆ ಹತ್ತುತ್ತದೆ. ಮಾಂಸ ತಿನ್ನದವರಿಗೆ ಅಳವಿ ಪಾಯಸ, ರಾಜಗಿರಿ, ನುಗ್ಗೆ ಸೊಪ್ಪು, ಹುರಳಿ, ಸಜ್ಜೆ ರೊಟ್ಟಿ ಇವೆ. ಅವುಗಳ ಮೇಲೆ ಅರ್ಧ ಲಿಂಬೆ ಹಿಂಡಿರಿ, ಕಬ್ಬಿಣ ಇನ್ನಷ್ಟು ಒಳಗೆ ಹೋಗುತ್ತದೆ. ಉಂಡ ಕೂಡಲೇ ಚಾ ಮಾತ್ರ ಬೇಡ. ಚಾ ಕಬ್ಬಿಣವನ್ನು ಕಟ್ಟಿಹಾಕುತ್ತದೆ.

ಊಟ ಒಂದರಿಂದಲೇ ಸಾಲ ಬೇಗ ತೀರುವುದಿಲ್ಲ, ಲೆಕ್ಕ ಮೇಲೆ ನೋಡಿದಿರಿ. ಅದಕ್ಕೇ ಗುಳಿಗೆ. ನಮ್ಮ ದೇಶದಲ್ಲಿ ಸರಕಾರ ಈ ಗುಳಿಗೆ ಹಂಚಲು ಶುರು ಮಾಡಿದ್ದು 1970ರಲ್ಲಿ. ಇವತ್ತಿನ ನಿಯಮ: ಬಸಿರಿದ್ದಾಗ 180 ದಿನ, ಹಡೆದ ಮೇಲೆ ಮತ್ತೆ 180 ದಿನ, ದಿನಕ್ಕೊಂದು. ಹೆರಿಗೆಯ ನಂತರದ ಆ 180ನ್ನು ನಮ್ಮಲ್ಲಿ ಎಷ್ಟು ಮಂದಿ ಮುಗಿಸಿದ್ದೇವೆ? ಕೂಸು ಹೊರಗೆ ಬಂದ ಕೂಡಲೇ ಗುಳಿಗೆಯೂ ಮುಗಿಯಿತು ಎಂದು ತಿಳಿಯುತ್ತೇವೆ. ಹಿಮೋಗ್ಲೋಬಿನ್ ಕಡಿಮೆ ಬಂದವರಿಗೆ ಇದಕ್ಕಿಂತ ಹೆಚ್ಚು ಬೇಕು, ಅದನ್ನು ಡಾಕ್ಟರ್ ಹೇಳುತ್ತಾರೆ. ತೀರಾ ಕಡಿಮೆ ಇದ್ದರೆ ನರಕ್ಕೆ ಕಬ್ಬಿಣದ ಇಂಜೆಕ್ಷನ್ ಇಲ್ಲವೇ ರಕ್ತ ಕೊಡುತ್ತಾರೆ.

ನನಗೆ ಯಾರೂ ಹೇಳದ ಮಾತನ್ನು ನಿಮಗೆ ಹೇಳುತ್ತೇನೆ. ಸಂಡಾಸ ಕರ್ರಗಾಗುವುದು ಕಬ್ಬಿಣದಿಂದ, ಹೆದರಬೇಡಿರಿ. ಹೊಟ್ಟೆ ತೊಳಸಿದರೆ ರಾತ್ರಿ ಊಟದ ನಂತರ ನುಂಗಿರಿ. ಕ್ಯಾಲ್ಸಿಯಂ ಗುಳಿಗೆಯ ಜೊತೆ ನುಂಗಬೇಡಿರಿ, ನಡುವೆ ಎರಡು ತಾಸು ಬಿಡಿರಿ. ಮೈಗೆ ಆರಾಮ ಅನಿಸಿದರೂ ನಡುವೆ ಬಿಡಬೇಡಿರಿ, ಏಕೆಂದರೆ ಮೊದಲು ರಕ್ತ ತುಂಬುತ್ತದೆ, ಗಂಟು ತುಂಬುವುದು ಆಮೇಲೆ. ಕೂತಲ್ಲೇ ಏದುಸಿರು ಬಂದರೆ, ಕಣ್ಣು ಕತ್ತಲಾಗಿ ಬಿದ್ದರೆ, ರಕ್ತಸ್ರಾವ ಹೆಚ್ಚಾದರೆ ನಾಳೆ ನೋಡೋಣ ಅನ್ನದೆ ಅದೇ ತಾಸಿಗೆ ದವಾಖಾನೆಗೆ ಒಯ್ಯಿರಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ದೇಶದಲ್ಲಿ ನೂರಕ್ಕೆ 57, ಮಹಾರಾಷ್ಟ್ರದಲ್ಲಿ ನೂರಕ್ಕೆ 54 ಮಂದಿಗೆ ರಕ್ತಹೀನತೆ. ಲೂಸಿ ವಿಲ್ಸ್ ಬಂದು ಹೋಗಿ, ಬಾಬಾಸಾಹೇಬರು ಮಾತಾಡಿ ತೊಂಬತ್ತು ವರ್ಷವಾದ ಮೇಲಿನ ಮಾತಿದು.

ಆದ್ದರಿಂದ ಮಂಡಳದ ತರುಣರಿಗೆ ಒಂದು ಮಾತು. ಜಯಂತಿಗೆ ನೀವು ರಕ್ತದಾನ ಶಿಬಿರ ಮಾಡುತ್ತೀರಿ, ಒಳ್ಳೆಯದು. ಅದೇ ದಿನ ನಿಮ್ಮ ಮನೆಯಲ್ಲಿ ಹಡೆದವಳ ಹಿಮೋಗ್ಲೋಬಿನ್ ಎಷ್ಟು ಅಂತ ಕೇಳಿರಿ. ಕ್ರಿಕೆಟ್ ಸ್ಕೋರ್ ನೆನಪಿಡುವವರಿಗೆ ಆ ಒಂದು ಅಂಕಿ ನೆನಪಿಡುವುದು ಕಷ್ಟವಲ್ಲ. ನೀರಿನ ಕೊಡ ನೀವು ಎತ್ತಿರಿ. ಅವಳು ಉಂಡಳೋ ಇಲ್ಲವೋ ನೋಡಿ ನೀವು ಉಣ್ಣಿರಿ. ಅತ್ತೆಯರಿಗೆ, ಅವ್ವಂದಿರಿಗೆ ಕೈಮುಗಿದು ಹೇಳುತ್ತೇನೆ: ನಿಮಗೂ ಯಾರೂ ಸೊಪ್ಪು ಕೊಡಲಿಲ್ಲ, ವಿಶ್ರಾಂತಿ ಕೊಡಲಿಲ್ಲ, ಗೊತ್ತು. ಆ ಸಾಲವನ್ನು ಸೊಸೆಯ ತಲೆಗೆ ಹಾಕಬೇಡಿರಿ.

ಮಾಡದಲ್ಲಿ ಇಟ್ಟಿದ್ದ ಗುಳಿಗೆಯ ಪಟ್ಟಿಯನ್ನು ನಾನು ಮತ್ತೆ ಕೈಗೆ ತೆಗೆದುಕೊಂಡೆ. ಆರು ತಿಂಗಳಾದ ಮೇಲೆ 11.8 ಬಂತು. ಕೊಡ ಎತ್ತಿದರೆ ಕಣ್ಣಿಗೆ ಕತ್ತಲೆ ಬರಲಿಲ್ಲ. ಅದನ್ನು ಶೆಟಗೆವ್ವ ಬರೆದಿರಲಿಲ್ಲ.

ಜೈ ಭೀಮ್.